ರಂಗಶಿಲ್ಪಿ ಲೂಯಿ ದಗೇರ್

ನಾಟಕವನ್ನು ನೋಡಿ ಮನೆಗೆ ಮರಳಿದವರು ನಟನ ಮಾತನ್ನು ಹೊಗಳುವರು, ಹಾಡನ್ನು ಗುನುಗುವರು. ಅರಮನೆಯ ಮೊಗಸಾಲೆಯು ರೆಪ್ಪೆ ಬಡಿಯುವಷ್ಟರಲ್ಲಿ ಘೋರಾರಣ್ಯವಾಗಿ ಮಾರ್ಪಟ್ಟುದು ಯಾರ ಕೈಚಳಕದಿಂದ, ಬೆಳುದಿಂಗಳನ್ನು ಚೆಲ್ಲಿದವನು ಯಾವ ಮೂಲೆಯಲ್ಲಿ ಬೆವರುತ್ತ ನಿಂತಿದ್ದನು ಎಂಬುದನ್ನು ವಿಚಾರಿಸುವವರು ವಿರಳ. 1884ರಲ್ಲಿ ಹುಟ್ಟಿದ ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿಯೇ ಮೊದಲಾಗಿ ಕನ್ನಡದ ವೃತ್ತಿಮಂಡಳಿಗಳು ಊರಿಂದೂರಿಗೆ ಸಾಗಿಸಿದ ಬಣ್ಣದ ಪರದೆಗಳು ಹಿಂದಣ ತಲೆಮಾರಿನವರನ್ನು ಬೆರಗುಗೊಳಿಸಿದುವು. ಆ ಪರದೆಗಳ ಪದ್ಧತಿಯು ಯೂರೋಪಿನ ರಂಗಭೂಮಿಯಿಂದ ಹೊರಟು, ಮುಂಬಯಿಯ ಪಾರಸಿ ಮಂಡಳಿಗಳ ಕೈದಾಟಿ ಕನ್ನಡ ನಾಡಿಗೆ ಬಂದುದು. ಅಂತಹ ಪರದೆಯ ಹಿಂದೆ ನಿಂತು ಕೆಲಸ ಕಲಿತ ಫ್ರಾನ್ಸ್ ದೇಶದ ಹುಡುಗನೊಬ್ಬನು ಮುಂದೆ ಲೋಕಕ್ಕೆ ಕೊಟ್ಟುದು ಪರದೆಗಳನ್ನು ಮಾತ್ರವೇ ಅಲ್ಲ. ಭಕ್ತರ ಮನೆಗಳ ಗೋಡೆಯ ಮೇಲೆ ಲಿಂಗೈಕ್ಯರಾದ ಗುರುಗಳ, ಗತಿಸಿದ ತಾಯಿತಂದೆಗಳ ಭಾವಚಿತ್ರಗಳು ತೂಗುತ್ತಿರುವುದಕ್ಕೆ ಕಾರಣಪುರುಷರಾದವರಲ್ಲಿ ಆತನೂ ಒಬ್ಬನು. ಅವನೇ ಲೂಯಿ ಜಾಕ್ ಮಾಂದೆ ದಗೇರ್.

ದಗೇರನು 1787ನೆಯ ನವೆಂಬರ್ 18ರಂದು ಪ್ಯಾರಿಸ್ ನಗರದ ಸಮೀಪದ ಕೊರ್ಮೇಯ್ ಎಂಬ ಹಳ್ಳಿಯಲ್ಲಿ ಜನಿಸಿದನು. ಅವನು ಎರಡು ವರ್ಷ ತುಂಬದ ಕೂಸಾಗಿದ್ದಾಗ ಫ್ರಾನ್ಸಿನ ಮಹಾಕ್ರಾಂತಿಯು ಪ್ರಾರಂಭವಾಯಿತು. ತಂದೆಯು ನ್ಯಾಯಾಲಯದ ಕೆಳದರ್ಜೆಯ ನೌಕರಿಯಲ್ಲಿದ್ದವನು. ಸಂಸಾರವನ್ನು ಕಟ್ಟಿಕೊಂಡು ಓರ್ಲಿಯಾ ಎಂಬ ಪಟ್ಟಣಕ್ಕೆ ಹೋಗಿ ನೆಲೆಸಿದನು. ಶಾಲೆಗಳೆಲ್ಲ ಅಸ್ತವ್ಯಸ್ತವಾಗಿದ್ದ ಆ ದಿನಗಳಲ್ಲಿ ಬಾಲಕನಿಗೆ ಹೇಳಿಕೊಳ್ಳುವಂತಹ ವಿದ್ಯಾಭ್ಯಾಸವು ದೊರೆಯಲಿಲ್ಲ. ಆದರೆ ಕೈಗೆ ಇದ್ದಿಲು ಸಿಕ್ಕಿದರೆ ಸಾಕು, ಕಂಡವರ ಮುಖವನ್ನು ಕಂಡಂತೆಯೇ ಬರೆಯುವ ಶಕ್ತಿಯು ಅವನಿಗೆ ಹುಟ್ಟಿನಿಂದಲೇ ಬಂದಿದ್ದಿತು. ಹದಿಮೂರನೆಯ ವಯಸ್ಸಿನ ಸುಮಾರಿಗೆ ತಂದೆಯು ಅವನನ್ನು ಒಬ್ಬ ವಾಸ್ತುಶಿಲ್ಪಿಯ ಬಳಿ ಕೆಲಸ ಕಲಿಯಲು ಬಿಟ್ಟನು. ಅಲ್ಲಿ ಮೂರು ವರ್ಷ ಅಳತೆಗೋಲು, ಕೈವಾರಗಳನ್ನು ಹಿಡಿದು ದುಡಿದುದರ ಫಲವಾಗಿ, ದೂರ ಹೋದಂತೆ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುವ ರೇಖಾಶಾಸ್ತ್ರವು ಅವನಿಗೆ ಕರತಲಾಮಲಕವಾಯಿತು.

ಕಟ್ಟಡದ ನಕ್ಷೆಗಳಿಂದ ಹುಡುಗನ ಮನಸ್ಸು ತಣಿಯಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಚಿತ್ರಕಾರನಾಗಬೇಕೆಂದು ಹಟ ಹಿಡಿದನು. ಚಿತ್ರ ಬರೆದು ಹೊಟ್ಟೆ ಹೊರೆದವರುಂಟೇ ಎಂದು ತಂದೆಗೆ ಸಂದೇಹ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವಂತಹ ದಾರಿಯೊಂದು ದೊರೆಯಿತು. 1804ರಲ್ಲಿ, ಹದಿನಾರರ ಪ್ರಾಯದಲ್ಲಿ, ದಗೇರನು ಪ್ಯಾರಿಸ್ಸಿನ ಒಪೆರಾ ಎಂಬ ಸಂಗೀತ ನಾಟಕಶಾಲೆಯ ಮುಖ್ಯ ದೃಶ್ಯಕಾರನಾದ ದೆಗೊತ್ತಿ ಎಂಬವನ ಬಳಿ ಶಿಷ್ಯನಾಗಿ ಸೇರಿದನು. ದೆಗೊತ್ತಿಯು ಇಟಲಿಯಿಂದ ಬಂದ ಕಸುಬುದಾರ. ದೃಶ್ಯಪಟಗಳ ವಿದ್ಯೆಯಲ್ಲಿ ಇಟಲಿಯವರೇ ಯೂರೋಪಿಗೆಲ್ಲ ಗುರುಗಳು. ಶಿಷ್ಯನು ಗುರುವಿನ ಮನೆಯಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ಬೆಳಗಾದರೆ ಗುರುವಿನ ಹಿಂದೆಯೇ ಕೆಲಸದ ಮನೆಗೆ ನಡೆಯಬೇಕು.

ಅಂತಹ ಕೆಲಸದ ಮನೆಗಳಲ್ಲಿ ಹೊಸಬನ ಕೈಗೆ ಮೊದಲ ದಿನವೇ ಕುಂಚವನ್ನು ಕೊಡುವ ವಾಡಿಕೆಯಿರಲಿಲ್ಲ. ಬಣ್ಣದ ಕಲ್ಲುಗಳನ್ನು ಅರೆಯುವುದು, ಅಂಟನ್ನು ಒಲೆಯ ಮೇಲೆ ಹದವಾಗಿ ಕಾಯಿಸುವುದು, ಬಟ್ಟೆಯ ಪಟ್ಟಿಗಳನ್ನು ಹೊಲಿದು ನೆಲದ ಮೇಲೆ ಬಿಗಿಯಾಗಿ ಹಾಸಿ ಮೊಳೆ ಹೊಡೆಯುವುದು, ಇವು ಶಿಷ್ಯನ ಪಾಲು. ಅಂಟು ಹೆಚ್ಚಾದರೆ ಪಟವನ್ನು ಸುತ್ತಿಡುವಾಗ ಬಣ್ಣವು ಬಿರಿಯುತ್ತದೆ, ಕಡಿಮೆಯಾದರೆ ಉದುರುತ್ತದೆ. ಈ ಹದವನ್ನು ಯಾವ ಗ್ರಂಥವೂ ಹೇಳಿಕೊಡಲಾರದು, ಬೆರಳೇ ಕಲಿಯಬೇಕು. ಇದಕ್ಕಿಂತಲೂ ಕಠಿಣವಾದ ಮತ್ತೊಂದು ಸಂಗತಿಯುಂಟು. ಅಂಟಿನಲ್ಲಿ ಕಲಸಿದ ಬಣ್ಣವು ಹಸಿಯಾಗಿದ್ದಾಗ ಕಾಣುವುದೇ ಬೇರೆ, ಒಣಗಿದ ಮೇಲೆ ಕಾಣುವುದೇ ಬೇರೆ. ಹಸಿಯಲ್ಲಿ ಕಾರ್ಮುಗಿಲಿನಂತಿದ್ದುದು ಒಣಗಿದಾಗ ಬೂದಿಯಂತೆ ತಿಳಿಯಾಗುತ್ತದೆ. ಆದುದರಿಂದ ದೃಶ್ಯಕಾರನು ಇಂದು ಬಳಿಯುವ ಬಣ್ಣದಲ್ಲಿ ನಾಳೆಯ ಬಣ್ಣವನ್ನು ಕಾಣಬೇಕಾಗುತ್ತದೆ.

ಪಟವು ಸಿದ್ಧವಾದ ಮೇಲೆ ಗುರುವು ಬರೆದ ಚಿಕ್ಕ ನಕ್ಷೆಯನ್ನು ಚೌಕಗಳಾಗಿ ವಿಂಗಡಿಸಿ, ಅಷ್ಟೇ ಚೌಕಗಳನ್ನು ಬೃಹತ್ ಪಟದ ಮೇಲೆ ಸುಣ್ಣದ ದಾರದಿಂದ ಹೊಡೆದು, ಗೆರೆಗೆ ಗೆರೆ ಸೇರಿಸಿ ಹಿಗ್ಗಿಸುವರು. ಚಿತ್ರಕಾರನು ಮೆತ್ತನೆಯ ಪಾದರಕ್ಷೆಗಳನ್ನು ಧರಿಸಿ ಪಟದ ಮೇಲೆಯೇ ನಡೆದಾಡುತ್ತ, ಕಸಬರಿಗೆಯಂತೆ ಉದ್ದ ಹಿಡಿಯುಳ್ಳ ಕುಂಚದಿಂದ ನಿಂತುಕೊಂಡೇ ಬರೆಯುವನು. ತೇರಿನ ಬೀದಿಯಲ್ಲಿ ದೊಡ್ಡ ರಂಗವಲ್ಲಿಯನ್ನು ಹಾಕುವ ಹೆಣ್ಣುಮಕ್ಕಳಿಗೆ ಇದರ ಕಷ್ಟವು ಚೆನ್ನಾಗಿ ಗೊತ್ತು: ಬರೆಯುವವರಿಗೆ ಕಾಣುವುದು ಕಾಲ ಬುಡದ ಒಂದು ಸುಳಿ ಮಾತ್ರ, ಇಡೀ ರೂಪವು ಉಪ್ಪರಿಗೆಯ ಮೇಲೆ ನಿಂತವರಿಗೆ. ಹತ್ತಿರದಿಂದ ಒರಟು ಕಲೆಗಳಾಗಿ ತೋರುವುದು ಅರವತ್ತು ಎಪ್ಪತ್ತು ಅಡಿಗಳಾಚೆಗೆ ಕುಳಿತವನ ಕಣ್ಣಿಗೆ ಎಲೆಯಾಗಿ, ಕಲ್ಲಾಗಿ, ನೀರಾಗಿ ತೋರಬೇಕು. ಹೀಗೆ ತಾನಿದ್ದ ಸ್ಥಳವನ್ನು ಮರೆತು, ನೋಡುವವನ ಸ್ಥಳದಲ್ಲಿ ತನ್ನ ಕಣ್ಣನ್ನಿಡುವ ಅಭ್ಯಾಸವು ದಗೇರನಿಗೆ ಇಲ್ಲಿಯೇ ಬಂದಿತು. ಅವನ ಮುಂದಿನ ಸಾಧನೆಗಳಿಗೆಲ್ಲ ಇದೇ ಬೀಜವೆನ್ನಬಹುದು.

ಬೆಳಕಿನ ವಿಷಯದಲ್ಲಿಯಾದರೋ ಆ ಕಾಲದ ರಂಗಸ್ಥಳವು ಕಟುವಾದ ಗುರುವಾಗಿದ್ದಿತು. ಎಣ್ಣೆಯ ದೀಪಗಳ ಹಳದಿ ಬೆಳಕು ಹಗಲಿನ ಬೆಳಕಿನಂತಲ್ಲ. ಕೆಲಸದ ಮನೆಯಲ್ಲಿ ಹಗಲು ಹೊತ್ತು ಬರೆದ ತಿಳಿಹಳದಿಯು ರಾತ್ರಿ ದೀಪದೆದುರು ಬಿಳುಪಾಗುವುದು. ನೀಲಿ ಹಸುರುಗಳು ಒಂದರೊಳಗೊಂದು ಬೆರೆತು ಮಂಕಾಗುವುವು. ಬಣ್ಣವೆಂಬುದು ವಸ್ತುವಿನಲ್ಲಿಲ್ಲ, ಅದರ ಮೇಲೆ ಬೀಳುವ ಬೆಳಕಿನೊಡನೆ ಕೂಡಿ ಹುಟ್ಟುವುದು ಎಂಬ ತತ್ತ್ವವನ್ನು ವಿಜ್ಞಾನಿಗಳು ಗಾಜಿನ ಪಟ್ಟಕಗಳಿಂದ ಸಾಧಿಸಿ ತೋರಿಸಿದ್ದರು. ಶಿಷ್ಯ ದಗೇರನಿಗೆ ಅದನ್ನು ಕಲಿಸಿದುದು ಸಂಜೆಯ ಪರೀಕ್ಷೆಯಲ್ಲಿ ಕೆಟ್ಟುಹೋದ ಪಟಗಳು.

ಚಿತ್ರವಷ್ಟೇ ತಿಳಿದರೆ ರಂಗದ ಕಸುಬು ಬಂದಂತಾಗದು, ಯಂತ್ರವನ್ನೂ ತಿಳಿಯಬೇಕು. ಪ್ರೇಕ್ಷಕರಿಗೆ ಕಾಣುವ ರಂಗವು ಇಡೀ ಯಂತ್ರದ ಮೂರರಲ್ಲೊಂದು ಪಾಲು. ಹಲಗೆಗಳ ಕೆಳಗೆ ನೆಲಮಾಳಿಗೆ. ಅಲ್ಲಿ ಸಣ್ಣ ಗಾಲಿಗಳ ಮೇಲೆ ನಿಂತ ಚೌಕಟ್ಟುಗಳು ಹಲಗೆಗಳ ಸೀಳಿನಿಂದ ಮೇಲಕ್ಕೆ ಚಾಚಿ ಪಕ್ಕದ ಪಟಗಳನ್ನು ಹೊತ್ತಿರುವುವು. ಮೇಲೆ ಅಟ್ಟ, ಅಲ್ಲಿ ಉರುಳೆಗಳು, ರಾಟೆಗಳು, ಪಟದ ತೂಕಕ್ಕೆ ಸರಿಯಾಗಿ ಕಟ್ಟಿದ ಎದುರುತೂಕಗಳು. ತೂಕವು ಸಮವಾಗಿದ್ದರೆ ಗೋಪುರದಂತಹ ಪಟವನ್ನು ಕೆಲವೇ ಆಳುಗಳು ಸದ್ದಿಲ್ಲದೆ ಏರಿಸಬಲ್ಲರು. ಸಮವಾಗಿರದಿದ್ದರೆ ಕೆಳಗಿದ್ದವನ ಪ್ರಾಣಕ್ಕೆ ಹೊಣೆಯಿಲ್ಲ. ಈ ಹಗ್ಗದ ಕೆಲಸಕ್ಕೆ ಹಡಗಿನಲ್ಲಿ ದುಡಿದವರು ಹೇಳಿಮಾಡಿಸಿದಂತಹ ಆಳುಗಳು. ಫ್ರೆಂಚ್ ನಾಟಕಶಾಲೆಯೊಳಗೆ ಹಗ್ಗವೆಂಬ ಶಬ್ದವನ್ನೇ ಉಚ್ಚರಿಸಬಾರದೆಂದೂ, ಉಚ್ಚರಿಸಿದರೆ ಅನಿಷ್ಟವೆಂದೂ ನಂಬಿಕೆಯಿದ್ದಿತು. ಪ್ರತಿಯೊಂದು ಹಗ್ಗಕ್ಕೂ ಬೇರೊಂದು ಹೆಸರನ್ನಿಟ್ಟು ಕರೆಯುತ್ತಿದ್ದರು. ಶರೀರಲಾಘವವುಳ್ಳ ದಗೇರನು ಇಂತಹ ಅಟ್ಟಗಳಲ್ಲಿ ನಿರ್ಭಯನಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವನು ಹಗ್ಗದ ಮೇಲೆ ನಡೆಯುವುದರಲ್ಲಿಯೂ ನಿಪುಣನಾಗಿದ್ದನೆಂದು ಗೆಳೆಯರು ವಿನೋದದಿಂದ ಹೇಳಿಕೊಳ್ಳುತ್ತಿದ್ದರು.

ಬಟ್ಟೆ, ಮರ, ಎಣ್ಣೆ, ಬೆಂಕಿ ಇವು ನಾಲ್ಕೂ ಒಂದೇ ಸೂರಿನ ಕೆಳಗೆ ಇದ್ದುದರಿಂದ ಆ ಕಾಲದ ನಾಟಕಶಾಲೆಗಳು ಬೆಂಕಿಗೆ ಆಹುತಿಯಾಗುವುದು ಸಾಮಾನ್ಯವಾಗಿದ್ದಿತು. ಬೆಂಕಿಯಿಂದ ಉಳಿದರೂ ಪಟಗಳ ಆಯುಸ್ಸು ಅಲ್ಪವೇ. ನಾಟಕವು ನಿಂತುಹೋದರೆ ಪಟವನ್ನು ಸುತ್ತಿ ಮೂಲೆಗೆ ಹಾಕುವರು. ಬಟ್ಟೆಯ ಅಭಾವವಾದಾಗ ಅದರ ಮೇಲೆಯೇ ಬೇರೆ ಚಿತ್ರವನ್ನು ಬಳಿಯುವರು. ಗುರುವಿನ ತಿಂಗಳುಗಟ್ಟಲೆಯ ಶ್ರಮವನ್ನು ಶಿಷ್ಯನೇ ಸುಣ್ಣದ ನೀರಿನಿಂದ ಅಳಿಸಬೇಕಾಗುತ್ತಿದ್ದುದುಂಟು. ಹೀಗೆ ಅಳಿದುಹೋಗುವುದಕ್ಕೆಂದೇ ಹುಟ್ಟುವ ಸೌಂದರ್ಯದ ನಡುವೆ ಬೆಳೆದವನ ಮನಸ್ಸಿನಲ್ಲಿ ಬೆಳಕಿನ ಚಿತ್ರವನ್ನು ಸ್ಥಿರವಾಗಿ ನಿಲ್ಲಿಸಬೇಕೆಂಬ ಹಂಬಲವು ಬೇರೂರಿದುದು ಸಹಜವೇ ಸರಿ.

1807ರ ಹೊತ್ತಿಗೆ ದೆಗೊತ್ತಿಯಲ್ಲಿ ಕಲಿಯತಕ್ಕುದನ್ನು ಕಲಿತು, ದಗೇರನು ಪಿಯೆರ್ ಪ್ರೆವೋ ಎಂಬ ಚಿತ್ರಕಾರನ ಸಹಾಯಕನಾದನು. ಪ್ರೆವೋ ಬರೆಯುತ್ತಿದ್ದುದು ಪನೋರಮಾ ಎಂಬ ವರ್ತುಲಚಿತ್ರಗಳನ್ನು. ಪ್ರೇಕ್ಷಕನು ಕತ್ತಲೆಯ ಓಣಿಯೊಂದನ್ನು ದಾಟಿ, ಮೆಟ್ಟಿಲೇರಿ, ದುಂಡನೆಯ ಕಟ್ಟಡದ ನಡುವಣ ಜಗಲಿಯ ಮೇಲೆ ಬಂದು ನಿಂತರೆ, ಸುತ್ತಲೂ ಕಣ್ಣು ಹರಿದತ್ತ ರೋಮ್ ನಗರವೋ ಜೆರುಸಲೇಮೋ ಹರಡಿರುವುದು. ಮೇಲಣ ಅಂಚನ್ನು ಚಪ್ಪರವು ಮರೆಸುವುದು, ಕೆಳಗಣ ಅಂಚನ್ನು ಹುಸಿನೆಲವು ಮರೆಸುವುದು. ಚಿತ್ರವೆಲ್ಲಿ ಮುಗಿಯಿತೆಂದು ಕಣ್ಣಿಗೆ ತಿಳಿಯದು. ಅಲ್ಲಿ ನಟನಿಲ್ಲ, ಮಾತಿಲ್ಲ; ದೃಶ್ಯವೇ ನಾಟಕ. ದಗೇರನು ಒಂಬತ್ತು ವರ್ಷಗಳ ಕಾಲ ಈ ಕೆಲಸದಲ್ಲಿ ದುಡಿದನು. ಇಲ್ಲಿಯೇ ಬೂತೋನ್ ಎಂಬ ಸಹಪಾಠಿಯ ಸ್ನೇಹವಾಯಿತು. 1810ರಲ್ಲಿ ವಿವಾಹವೂ ಆಯಿತು, ಮಕ್ಕಳಾಗಲಿಲ್ಲ. ಪನೋರಮಾ ಎಷ್ಟು ಅದ್ಭುತವಾಗಿದ್ದರೂ ಅದರಲ್ಲೊಂದು ಕೊರತೆಯಿದ್ದಿತು: ಅಲ್ಲಿಯ ಮೋಡವು ಚಲಿಸದು, ಅಲ್ಲಿಯ ಹೊತ್ತು ಮುಳುಗದು.

1816ರಲ್ಲಿ ದಗೇರನು ಪ್ಯಾರಿಸ್ಸಿನ ಅಂಬಿಗು-ಕೊಮಿಕ್ ನಾಟಕಶಾಲೆಯ ಮುಖ್ಯ ದೃಶ್ಯಕಾರನಾದನು. ಶಿಷ್ಯವೃತ್ತಿ ಮುಗಿಯಿತು, ಹೊಣೆ ಹೆಗಲೇರಿತು. ಆ ನಾಟಕಶಾಲೆಯಲ್ಲಿ ಆಡುತ್ತಿದ್ದುದು ಕೊಲೆ, ಕಳವು, ಭೂತಪ್ರೇತಗಳ ಕಥೆಗಳು. ಅವುಗಳಲ್ಲಿ ಸಾಹಿತ್ಯಗುಣವು ಹೆಚ್ಚಾಗಿರಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು. ಆದರೆ 1818ರಲ್ಲಿ ಆಡಿದ ಒಂದು ನಾಟಕದಲ್ಲಿ ದಗೇರನು ಆಕಾಶದಲ್ಲಿ ಚಲಿಸುವ ಚಂದ್ರನನ್ನು ತೋರಿಸಿದನು. ಕಥೆಯನ್ನು ಮರೆತವರೂ ಆ ಚಂದ್ರನನ್ನು ಮರೆಯಲಿಲ್ಲ. ದೃಶ್ಯವನ್ನು ನೋಡುವುದಕ್ಕಾಗಿಯೇ ಜನರು ಟಿಕೆಟ್ಟು ಕೊಳ್ಳತೊಡಗಿದರು. ಪತ್ರಿಕೆಗಳು ಕವಿಯ ಹೆಸರಿಗಿಂತ ದೃಶ್ಯಕಾರನ ಹೆಸರನ್ನು ಹೆಚ್ಚಾಗಿ ಕೊಂಡಾಡಿದುವು.

ಅಲ್ಪಕಾಲದಲ್ಲಿಯೇ ಒಪೆರಾದವರೂ ಅವನನ್ನು ಬರಮಾಡಿಕೊಂಡರು. ಬಣ್ಣ ಅರೆಯಲು ಹೋಗಿದ್ದ ಸಂಸ್ಥೆಗೆ ಈಗ ಅವನು ಒಡೆಯನಂತೆ ಹೋದನು. 1822ನೆಯ ಫೆಬ್ರವರಿ 6ರಂದು ಅಲ್ಲಾವುದ್ದೀನನ ಅದ್ಭುತದೀಪದ ಕಥೆಯ ಸಂಗೀತನಾಟಕವು ಪ್ರದರ್ಶಿತವಾದಾಗ ಪ್ಯಾರಿಸ್ಸಿನ ಒಪೆರಾದಲ್ಲಿ ಮೊದಲ ಬಾರಿಗೆ ಗ್ಯಾಸ್ ದೀಪಗಳು ಉರಿದುವು. ದೃಶ್ಯಗಳನ್ನು ರಚಿಸಿದವರು ದಗೇರ್ ಮತ್ತು ಸಿಸೇರಿ ಎಂಬ ಇಬ್ಬರು. ಎಣ್ಣೆಯ ದೀಪಗಳನ್ನು ಒಂದೊಂದಾಗಿ ಮರೆಮಾಡಿ ಕತ್ತಲೆಯನ್ನು ತರುತ್ತಿದ್ದ ಕಸುಬುದಾರರಿಗೆ, ಕೊಳವೆಯ ತಿರುಪನ್ನು ತಿರುಗಿಸಿದೊಡನೆಯೇ ಸಾಲು ದೀಪಗಳು ಒಟ್ಟಾಗಿ ಏರುವುದೂ ಇಳಿಯುವುದೂ ಹೊಸ ಯುಗವೇ ಆಗಿ ತೋರಿರಬೇಕು.

ಅದೇ ವರ್ಷದ ಜುಲೈ 11ರಂದು ದಗೇರನೂ ಬೂತೋನನೂ ಕೂಡಿ ಡಯೋರಮಾ ಎಂಬ ತಮ್ಮ ಸ್ವಂತ ಪ್ರದರ್ಶನಶಾಲೆಯನ್ನು ತೆರೆದರು. ಇದು ಲೋಕದಲ್ಲಿ ಅದುವರೆಗೆ ಇಲ್ಲದಿದ್ದ ಬಗೆಯ ರಂಗಮಂದಿರ. ಸುಮಾರು 22 ಮೀಟರು ಅಗಲ, 14 ಮೀಟರು ಎತ್ತರದ ಪಟವು ಓಣಿಯಂತಹ ಮರೆಯ ತುದಿಯಲ್ಲಿ ನಿಂತಿರುವುದು. ಮುನ್ನೂರೈವತ್ತು ಜನರು ಹಿಡಿಯುವ ದುಂಡನೆಯ ಸಭಾಂಗಣದಲ್ಲಿ ಕತ್ತಲೆ. ಕಾಲುಗಂಟೆಯವರೆಗೆ ಒಂದು ದೃಶ್ಯವನ್ನು ನೋಡಿದ ಮೇಲೆ, ಪಟವನ್ನು ಬದಲಾಯಿಸುವುದಕ್ಕೆ ಪ್ರತಿಯಾಗಿ, ಜನರು ಕುಳಿತಿದ್ದ ಸಭಾಂಗಣವನ್ನೇ ಅಚ್ಚಿನ ಮೇಲೆ ಮೆಲ್ಲನೆ ತಿರುಗಿಸಿ ಎರಡನೆಯ ಓಣಿಗೆ ಎದುರಾಗಿ ನಿಲ್ಲಿಸುತ್ತಿದ್ದರು. ಯಂತ್ರದ ಸಮತೋಲವು ಎಷ್ಟು ನಯವಾಗಿದ್ದಿತೆಂದರೆ ಅಷ್ಟು ಭಾರವನ್ನು ಒಬ್ಬನೇ ಆಳು ತಿರುಗಿಸಬಲ್ಲವನಾಗಿದ್ದನು. ಒಪೆರಾದ ಅಟ್ಟದಲ್ಲಿ ಎದುರುತೂಕದ ಲೆಕ್ಕವನ್ನು ಕಲಿತುದು ಇಲ್ಲಿ ಫಲಕೊಟ್ಟಿತು. ಮೊದಲ ಪ್ರದರ್ಶನದಲ್ಲಿ ಬೂತೋನನು ಬರೆದ ಕ್ಯಾಂಟರ್ಬರಿ ದೇವಾಲಯದ ಒಳಾಂಗಣವೂ ದಗೇರನು ಬರೆದ ಸ್ವಿಟ್ಜರ್ಲೆಂಡಿನ ಸಾರ್ನೆನ್ ಕಣಿವೆಯೂ ಇದ್ದುವು. ಕಣಿವೆಯ ಮೇಲೆ ಬಿಸಿಲು ಕಳೆದು ಮೋಡ ಕವಿಯುವುದನ್ನು ಜನರು ಕಣ್ಣಾರೆ ಕಂಡರು.

ಇದರ ಗುಟ್ಟು ಬೆಳಕಿನಲ್ಲಿದ್ದಿತು. ಪಟದ ಎದುರಿಗೆ ಮೇಲ್ಛಾವಣಿಯ ಗವಾಕ್ಷಿಗಳು, ಹಿಂದೆ ಎತ್ತರವಾದ ಕಿಟಕಿಗಳು. ಅವುಗಳಿಗೆ ಮುಚ್ಚಳಗಳು, ಬಣ್ಣಬಣ್ಣದ ತೆಳುಬಟ್ಟೆಯ ಮರೆಗಳು. ಎಲ್ಲವೂ ಹಗ್ಗ ರಾಟೆಗಳಿಂದ ಚಲಿಸತಕ್ಕವು. ಮುಂದಣ ಬೆಳಕನ್ನು ತಗ್ಗಿಸಿ ಹಿಂದಣ ಬೆಳಕನ್ನು ಹೆಚ್ಚಿಸಿದರೆ ಅದೇ ಪಟವು ಬೇರೊಂದು ಲೋಕವಾಗುತ್ತಿದ್ದಿತು. 1834ರಲ್ಲಿ ಸೆಬ್ರಾನ್ ಎಂಬ ಶಿಷ್ಯನ ಸಹಾಯದಿಂದ ದಗೇರನು ಈ ವಿದ್ಯೆಯನ್ನು ಪರಾಕಾಷ್ಠೆಗೆ ಮುಟ್ಟಿಸಿದನು. ನಯವಾದ ಬಿಳಿಯ ಅರಿವೆಯ ಮುಂಬದಿಗೆ ಬೆಳಕು ತೂರುವ ಬಣ್ಣಗಳಿಂದ ಒಂದು ದೃಶ್ಯ. ಹಿಂಬದಿಗೆ ಬೆಳಕು ತೂರದ ಬಣ್ಣಗಳ ಏರಿಳಿತದಿಂದ ಮತ್ತೊಂದು ದೃಶ್ಯ. ಹಸುರು ಬೆಳಕಿನಲ್ಲಿ ಕೆಂಪು ಗೆರೆಯು ಕಪ್ಪಾಗಿ ನಿಲ್ಲುತ್ತದೆ. ಕೆಂಪು ಬೆಳಕಿನಲ್ಲಿ ಅದೇ ಗೆರೆಯು ಮಾಯವಾಗುತ್ತದೆ. ದೆಗೊತ್ತಿಯ ಕೆಲಸದ ಮನೆಯಲ್ಲಿ ಪಟವನ್ನು ಕೆಡಿಸುತ್ತಿದ್ದ ದೋಷವೇ ಇಲ್ಲಿ ವಿದ್ಯೆಯಾಯಿತು.

ಪ್ಯಾರಿಸ್ಸಿನ ಸಂತ ಎತಿಯೆನ್ ದೇವಾಲಯದ ನಡುರಾತ್ರಿಯ ಪ್ರಾರ್ಥನೆಯ ದೃಶ್ಯವು ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಮೊದಲು ಹಗಲು ಹೊತ್ತಿನ ಬರಿದಾದ ದೇವಾಲಯ, ಸಾಲು ಸಾಲು ಬರಿಯ ಕುರ್ಚಿಗಳು. ಬೆಳಕು ಮೆಲ್ಲಮೆಲ್ಲನೆ ಇಳಿದು ಸಂಜೆಯಾಗುವುದು, ಕತ್ತಲಾಗುವುದು. ದೂರದಲ್ಲಿ ಒಂದು ಮೇಣದ ಬತ್ತಿ, ಆಮೇಲೆ ಇನ್ನೊಂದು. ನೋಡುತ್ತಿರುವಂತೆಯೇ ಬರಿದಾಗಿದ್ದ ಕುರ್ಚಿಗಳಲ್ಲಿ ಭಕ್ತಜನರು ತುಂಬಿಕೊಳ್ಳುವರು. ವಾದ್ಯದ ಗಂಭೀರನಾದವು ಕೇಳಿಬರುವುದು. ಬಳಿಕ ದೀಪಗಳು ನಂದಿ, ಬೆಳಗಿನ ಬೆಳಕು ಮೂಡಿ, ದೇವಾಲಯವು ಮೊದಲಿನಂತೆ ನಿರ್ಜನವಾಗುವುದು. ನಿಂತಿರುವುದು ಒಂದೇ ಬಟ್ಟೆ. ಅದರ ಮುಂದೆ ಹಿಂದೆ ಹರಿದಾಡಿದುದು ಬೆಳಕು ಮಾತ್ರ. ಈ ಪ್ರದರ್ಶನವು ಮೂರು ವರ್ಷ ನಡೆಯಿತು.

ದೃಶ್ಯಗಳ ನಕ್ಷೆಯನ್ನು ಬರೆದುಕೊಳ್ಳಲು ದಗೇರನು ಕತ್ತಲೆ ಪೆಟ್ಟಿಗೆಯನ್ನು ಬಳಸುತ್ತಿದ್ದನು. ಪೆಟ್ಟಿಗೆಯ ಒಂದು ಕಡೆ ಮಸೂರ. ಎದುರು ಕಡೆಯ ಗಾಜಿನ ಮೇಲೆ ಹೊರಗಣ ಬೀದಿಯು, ಮರವು, ಮೋಡವು ತಮ್ಮ ಬಣ್ಣಗಳೊಡನೆ ಮೂಡುವುವು. ಚಿತ್ರಕಾರನು ಅದರ ಮೇಲೆ ಕಾಗದವನ್ನಿಟ್ಟು ಗೆರೆ ಎಳೆದುಕೊಳ್ಳುವನು. ಪೆಟ್ಟಿಗೆಯನ್ನು ತಿರುಗಿಸಿದರೆ ಆ ಚಿತ್ರವು ಹೋಯಿತು. ಯಾವ ದೃಶ್ಯಕಾರನೂ ಬರೆಯಲಾರದ ಪರಿಪೂರ್ಣ ಪಟವನ್ನು ಬೆಳಕು ತಾನೇ ಬರೆದು ತಾನೇ ಅಳಿಸಿಬಿಡುತ್ತಿದ್ದಿತು. ಅದನ್ನು ಹಿಡಿದು ನಿಲ್ಲಿಸುವ ಉಪಾಯವನ್ನು ಅರಸುತ್ತ ದಗೇರನು ಹಗಲಿರುಳು ರಾಸಾಯನಿಕ ಪ್ರಯೋಗಗಳಲ್ಲಿ ಮುಳುಗಿದನು. ಮಸೂರಗಳಿಗಾಗಿ ಅವನು ಶೆವಾಲಿಯೇ ಎಂಬ ಕನ್ನಡಕ ವ್ಯಾಪಾರಿಗಳ ಅಂಗಡಿಗೆ ಹೋಗಿಬರುತ್ತಿದ್ದನು. ಇದೇ ಹಂಬಲವನ್ನು ಹೊತ್ತ ಮತ್ತೊಬ್ಬನು ದೂರದ ಶಾಲೋಂ ಪಟ್ಟಣದಲ್ಲಿರುವನೆಂಬ ವರ್ತಮಾನವು ಅವನಿಗೆ ತಿಳಿದುದು ಅಲ್ಲಿಯೇ.

ಆ ಮತ್ತೊಬ್ಬನು ನಿಸೆಫೋರ್ ನಿಯೆಪ್ಸ್. ವಯಸ್ಸಿನಲ್ಲಿ ದಗೇರನಿಗಿಂತ ಇಪ್ಪತ್ತೆರಡು ವರ್ಷ ಹಿರಿಯನು, ಏಕಾಂತಪ್ರಿಯನು. ಬೆಳಕು ತಗುಲಿದರೆ ಗಟ್ಟಿಯಾಗುವ ಒಂದು ಬಗೆಯ ಕಲ್ಲರಗನ್ನು ಲೋಹದ ತಗಡಿನ ಮೇಲೆ ಬಳಿದು, ಕತ್ತಲೆ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಇಟ್ಟು, ತನ್ನ ಮನೆಯ ಕಿಟಕಿಯಿಂದ ಕಾಣುವ ನೋಟವನ್ನು ಅವನು ಆಗಲೇ ಹಿಡಿದು ನಿಲ್ಲಿಸಿದ್ದನು. 1826ರಲ್ಲಿ ದಗೇರನು ಅವನಿಗೆ ಪತ್ರ ಬರೆದನು. ನಿಯೆಪ್ಸನು ಅಪರಿಚಿತನ ವಿಷಯದಲ್ಲಿ ಸಂಶಯಪಟ್ಟು ಬಹುಕಾಲ ಬಾಯಿ ಬಿಡಲಿಲ್ಲ. 1827ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಡಯೋರಮಾವನ್ನು ಕಂಡು ಬೆರಗಾದನು. 1829ನೆಯ ಡಿಸೆಂಬರ್ 14ರಂದು ಇಬ್ಬರೂ ಹತ್ತು ವರ್ಷಗಳ ಪಾಲುಗಾರಿಕೆಯ ಕರಾರಿಗೆ ರುಜು ಹಾಕಿದರು. ನಿಯೆಪ್ಸನು ತಂದುದು ತನ್ನ ಆವಿಷ್ಕಾರ. ದಗೇರನು ತಂದುದು ಸುಧಾರಿಸಿದ ಪೆಟ್ಟಿಗೆ ಮತ್ತು ತನ್ನ ದುಡಿಮೆ. ಕರಾರು ಮುಗಿಯುವುದಕ್ಕೆ ಬಹಳ ಮೊದಲೇ, 1833ನೆಯ ಜುಲೈ 5ರಂದು, ಕೀರ್ತಿಯನ್ನಾಗಲಿ ಹಣವನ್ನಾಗಲಿ ಕಾಣದೆ ನಿಯೆಪ್ಸನು ತೀರಿಕೊಂಡನು.

ದಗೇರನು ಕೈಬಿಡಲಿಲ್ಲ. ಬೆಳ್ಳಿಯ ಮುಲಾಮು ಮಾಡಿದ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅಯೊಡಿನ್ನಿನ ಹೊಗೆಯನ್ನು ತಗುಲಿಸಿದರೆ ಅದು ಬೆಳಕನ್ನು ಗ್ರಹಿಸುವುದೆಂದು ಕಂಡುಕೊಂಡನು. 1835ರ ಸುಮಾರಿಗೆ ಅವನಿಗೆ ಮುಖ್ಯವಾದ ಸೂತ್ರವು ದೊರೆಯಿತು: ಬೆಳಕು ಸ್ವಲ್ಪಕಾಲ ತಗುಲಿದ ತಗಡಿನ ಮೇಲೆ ಕಣ್ಣಿಗೆ ಏನೂ ಕಾಣದಿದ್ದರೂ ಚಿತ್ರವು ಅಡಗಿರುತ್ತದೆ; ಬಿಸಿಮಾಡಿದ ಪಾದರಸದ ಆವಿಯನ್ನು ಹಾಯಿಸಿದರೆ ಅದು ಹೊರಗೆ ಬರುತ್ತದೆ. ಗಂಟೆಗಳ ಕೆಲಸವು ನಿಮಿಷಗಳಿಗೆ ಇಳಿಯಿತು. 1837ರಲ್ಲಿ ಅಡಿಗೆಯ ಉಪ್ಪಿನ ನೀರಿನಿಂದ ಆ ಚಿತ್ರವನ್ನು ಅಳಿಯದಂತೆ ನಿಲ್ಲಿಸುವುದೂ ಸಾಧ್ಯವಾಯಿತು. ಬರಿದಾದ ದೇವಾಲಯದಲ್ಲಿ ಅಡಗಿದ್ದ ಭಕ್ತಜನರನ್ನು ಹಿಂದಣ ಬೆಳಕಿನಿಂದ ಹೊರತಂದವನಿಗೆ, ಬರಿದಾದ ತಗಡಿನಲ್ಲಿ ಅಡಗಿದ ಚಿತ್ರವಿರಬಹುದೆಂದು ನಂಬುವುದು ಇತರರಿಗಿಂತ ಸುಲಭವಾಗಿದ್ದಿರಬೇಕು.

ಈ ಘಟ್ಟದಲ್ಲಿ ದಗೇರನ ಚರಿತ್ರೆಯ ಮೇಲೆ ಒಂದು ನೆರಳು ಬೀಳುತ್ತದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1837ರ ಹೊಸ ಕರಾರಿನ ಪ್ರಕಾರ ಈ ವಿದ್ಯೆಗೆ ದಗೇರನೊಬ್ಬನದೇ ಹೆಸರನ್ನಿಡಬೇಕೆಂದು ನಿಶ್ಚಯವಾಯಿತು. ತಂದೆಯ ಪಾಲನ್ನು ವಹಿಸಿಕೊಂಡಿದ್ದ ನಿಯೆಪ್ಸನ ಮಗ ಇಸಿಡೋರನು ಬಡತನದ ಒತ್ತಡದಲ್ಲಿ ಮನಸ್ಸಿಲ್ಲದೆ ಒಪ್ಪಿದನು. ತಂದೆಯ ಪದ್ಧತಿಯನ್ನೂ ಜೊತೆಯಲ್ಲಿಯೇ ಪ್ರಕಟಿಸಬೇಕೆಂಬ ನಿಬಂಧನೆಯನ್ನು ಮಾತ್ರ ಹಾಕಿದನು. ದಗೇರನು ನಿಬಂಧನೆಯನ್ನು ಅಕ್ಷರಶಃ ನಡೆಸಿದನು. ಆದರೆ ಲೋಕದ ಬಾಯಲ್ಲಿ ನಿಂತುದು ದಗೇರೋಟೈಪ್ ಎಂಬ ಒಂದೇ ಹೆಸರು. 1841ರಲ್ಲಿ ಇಸಿಡೋರನು ತಂದೆಯ ಪರವಾಗಿ ಒಂದು ಹೊತ್ತಗೆಯನ್ನೇ ಅಚ್ಚುಹಾಕಿಸಿ ದೂರಿಕೊಂಡನು. ಗುರುವಿನ ಪಟಗಳ ಕೆಳಗೆ ತನ್ನ ಹೆಸರಿಲ್ಲದೆ ಎಷ್ಟೋ ವರ್ಷ ದುಡಿದವನು, ಮತ್ತೊಬ್ಬನ ಹೆಸರಿನ ವಿಷಯದಲ್ಲಿ ಇನ್ನಷ್ಟು ಉದಾರನಾಗಬಹುದಾಗಿದ್ದಿತು. ಪ್ಯಾರಿಸ್ಸಿನ ಐಫೆಲ್ ಗೋಪುರದ ಮೇಲೆ ಕೆತ್ತಿದ 72 ಹೆಸರುಗಳಲ್ಲಿ ದಗೇರನದು ಇದೆ, ನಿಯೆಪ್ಸನದು ಇಲ್ಲ.

1838ರಲ್ಲಿ ಒಂದು ಬೆಳಿಗ್ಗೆ ದಗೇರನು ಕಿಟಕಿಯಿಂದ ತಾಂಪಲ್ ಎಂಬ ಹೆದ್ದಾರಿಯ ಚಿತ್ರವನ್ನು ತೆಗೆದನು. ಅದು ಪ್ಯಾರಿಸ್ಸಿನ ನಾಟಕಶಾಲೆಗಳ ಬೀದಿ. ಅವನು ಚಂದ್ರನನ್ನು ನಡೆಯಿಸಿದ ಅಂಬಿಗು-ಕೊಮಿಕ್ 1827ರಲ್ಲಿ ಸುಟ್ಟುಹೋಗುವವರೆಗೆ ಇದ್ದುದೂ ಅಲ್ಲಿಯೇ. ಬಂಡಿಗಳೂ ಜನರೂ ಕಿಕ್ಕಿರಿದ ಆ ಬೀದಿಯು ಚಿತ್ರದಲ್ಲಿ ನಿರ್ಜನವಾಗಿದೆ. ಚಲಿಸುತ್ತಿದ್ದವರು ತಗಡಿನ ಮೇಲೆ ನಿಲ್ಲಲಿಲ್ಲ. ಮೂಲೆಯಲ್ಲಿ ಬೂಟು ಉಜ್ಜಿಸಿಕೊಳ್ಳುತ್ತ ಕೆಲವು ನಿಮಿಷ ಅಲುಗದೆ ನಿಂತ ಒಬ್ಬನ ಆಕೃತಿಯೂ, ಬಾಗಿದ್ದ ಕೆಲಸಗಾರನ ಛಾಯೆಯೂ ಉಳಿದಿವೆ. ಛಾಯಾಚಿತ್ರದಲ್ಲಿ ಮನುಷ್ಯನು ಕಾಣಿಸಿಕೊಂಡುದರಲ್ಲಿ ಇದನ್ನೇ ಮೊದಲನೆಯದೆಂದು ಎಣಿಸುವರು. ಅವರಿಬ್ಬರ ಹೆಸರೂ ಯಾರಿಗೂ ಗೊತ್ತಿಲ್ಲ.

1839ನೆಯ ಜನವರಿ 7ರಂದು ವಿಜ್ಞಾನಿಯಾದ ಅರಾಗೋ ಈ ಆವಿಷ್ಕಾರವನ್ನು ಫ್ರಾನ್ಸಿನ ವಿಜ್ಞಾನ ಪರಿಷತ್ತಿಗೆ ತಿಳಿಯಪಡಿಸಿದನು. ಎರಡು ತಿಂಗಳು ತುಂಬಿದ ಮರುದಿನವೇ, ಮಾರ್ಚ್ 8ರಂದು, ಡಯೋರಮಾಕ್ಕೆ ಬೆಂಕಿ ಬಿದ್ದಿತು. ಆ ಸಮಯದಲ್ಲಿ ದಗೇರನು ತಂತಿಯಂತ್ರದ ಕರ್ತೃವಾದ ಅಮೆರಿಕದ ಮೋರ್ಸನ ಬಿಡಾರದಲ್ಲಿ ಅವನ ಯಂತ್ರವನ್ನು ನೋಡುತ್ತಿದ್ದನು. ಹದಿನೇಳು ವರ್ಷಗಳ ಮಂದಿರವೂ ಅದರಲ್ಲಿದ್ದ ಪಟಗಳೂ ಬೂದಿಯಾದುವು. ಆ ವರ್ಷದ ಆಗಸ್ಟಿನಲ್ಲಿ ಸರಕಾರವು ದಗೇರನಿಗೆ ವರ್ಷಕ್ಕೆ 6000 ಫ್ರಾಂಕು, ಇಸಿಡೋರನಿಗೆ 4000 ಫ್ರಾಂಕು ವೇತನವನ್ನು ಗೊತ್ತುಮಾಡಿತು. ಛಾಯಾಚಿತ್ರದ ಗುಟ್ಟಿನೊಡನೆ ಡಯೋರಮಾದ ಗುಟ್ಟನ್ನೂ ದಗೇರನು ಬಹಿರಂಗಪಡಿಸಬೇಕೆಂಬುದು ಷರತ್ತು. ಆಗಸ್ಟ್ 19ರಂದು ಕಿಕ್ಕಿರಿದ ಸಭೆಯಲ್ಲಿ ವಿಧಾನವನ್ನು ವಿವರಿಸಿದವನೂ ಅರಾಗೋ. ಸಾವಿರಾರು ಜನರ ಕಣ್ಣನ್ನು ಆಳಿದ ದಗೇರನು ಸಭೆಯಲ್ಲಿ ಮಾತನಾಡಲು ಹಿಂಜರಿದು, ಗಂಟಲುನೋವೆಂದು ನೆವ ಹೇಳಿ ಸುಮ್ಮನೆ ಕುಳಿತಿದ್ದನು. ರಂಗದ ಹಿಂದೆ ನಿಲ್ಲುವವರ ಸ್ವಭಾವವೇ ಹಾಗೆ. ವಿದ್ಯೆಯನ್ನು ಲೋಕಕ್ಕೆ ದಾನಮಾಡಿದೆವೆಂದು ಫ್ರಾನ್ಸು ಹೆಮ್ಮೆಪಟ್ಟಿತು. ಆದರೆ ಐದೇ ದಿನ ಮೊದಲು ದಗೇರನು ಇಂಗ್ಲೆಂಡಿನಲ್ಲಿ ಅದಕ್ಕೆ ಸ್ವಾಮ್ಯದ ಸನ್ನದನ್ನು ಪಡೆದುಕೊಂಡಿದ್ದನು. ಅಚ್ಚಾದ ಪುಸ್ತಕದಲ್ಲಿ ಮಾತ್ರ ತಗಡನ್ನು ಉಜ್ಜುವ ಕ್ರಮದಿಂದ ಹಿಡಿದು ಪಟದ ಹಿಂಬದಿಗೆ ಬಣ್ಣ ಬಳಿಯುವ ಕ್ರಮದವರೆಗೆ, ಕೆಲಸದ ಮನೆಯಲ್ಲಿ ಹೊಸ ಶಿಷ್ಯನಿಗೆ ಹೇಳಿಕೊಡುವಂತೆ, ಎಲ್ಲವನ್ನೂ ವಿವರವಾಗಿ ತಿಳಿಸಿದನು.

1840ರಲ್ಲಿ ಅವನು ಪ್ಯಾರಿಸ್ಸಿನ ಗದ್ದಲವನ್ನು ಬಿಟ್ಟು ಮಾರ್ನ್ ನದಿಯ ದಡದ ಬ್ರಿ ಎಂಬ ಹಳ್ಳಿಯಲ್ಲಿ ನೆಲೆಸಿದನು. ಡಯೋರಮಾವನ್ನು ಮತ್ತೆ ಕಟ್ಟಲಿಲ್ಲ. ಆದರೆ 1842ರಲ್ಲಿ ಮತ್ತೊಮ್ಮೆ ಕುಂಚವನ್ನು ಹಿಡಿದು, ಹಳ್ಳಿಯ ಸಣ್ಣ ಇಗರ್ಜಿಗಾಗಿ ಒಂದು ಪಟವನ್ನು ಬರೆದನು. ಪೂಜಾವೇದಿಯ ಹಿಂದಣ ಗೋಡೆ ಇದ್ದ ಎಡೆಯಲ್ಲಿ, ಎತ್ತರವಾದ ಕಂಬಗಳೂ ಕಮಾನುಗಳೂ ಒಂದರ ಹಿಂದೊಂದು ಸರಿದುಹೋಗುವ ಮಹಾದೇವಾಲಯವೇ ಮುಂದುವರಿದಂತೆ ತೋರುವುದು. ದೀಪಗಳಿಲ್ಲ, ರಾಟೆಗಳಿಲ್ಲ, ಮರೆಯಲ್ಲಿ ಇಳಿದುಬರುವ ಹಗಲಿನ ಬೆಳಕೇ ಅದನ್ನು ಬೆಳಗಿಸುವುದು. 1851ನೆಯ ಜುಲೈ 10ರಂದು ಅರವತ್ತಮೂರನೆಯ ವಯಸ್ಸಿನಲ್ಲಿ ದಗೇರನು ಅದೇ ಹಳ್ಳಿಯಲ್ಲಿ ಕಾಲವಾದನು. ಅವನು ಬರೆದ ಡಯೋರಮಾಗಳಲ್ಲಿ ಇಂದು ಉಳಿದಿರುವುದು ಇದೊಂದೇ. 21ನೆಯ ಶತಮಾನದ ಆರಂಭದಲ್ಲಿ ಅದರ ಜೀರ್ಣೋದ್ಧಾರವಾಗಿ, ಪಟವು ತನ್ನ ಸ್ಥಳದಲ್ಲಿಯೇ ನಿಂತಿದೆ. ಹೊರಗೆ ಮೋಡ ಕವಿದರೆ ಅದರೊಳಗಣ ಕಂಬಗಳೂ ಮಂಕಾಗುತ್ತವೆ.